ಹತ್ತು ವರ್ಷದ ಲೆಕ್ಕ: ಹೈಸ್ಕೂಲಿನಿಂದಲೇ ಶುರುವಾಗುವ ಸಿಇಟಿ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮದು ಲಕ್ಷ್ಮೇಶ್ವರ. ಬೇವು ಕುಡಿದು, ಹೋಳಿಗೆ ಉಂಡು ಇನ್ನೇನು ಮಲಗಬೇಕು ಅನ್ನುವಾಗ ಕಾಕಾ ಬಂದರು. ಅವರದು ಮಾಗಡಿ ಕೆರೆಯ ಆಚೆಗಿನ ಒಂದು ಹಳ್ಳಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ತಂಗಿಯ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್.

"ನೋಡವಾ, ಇಕೀನ್ನ ಎಂಟನೇತ್ತಕ್ಕ ಪ್ಯಾಟಿ ಸಾಲಿಗೆ ಹಾಕಬೇಕಂತ ಮಾಡೇನಿ. ಇಂಗ್ಲಿಷ್ ಮೀಡಿಯಂ. ನೀ ಕಲತಿದ್ದೂ ಅದ ಅಲ್ಲೇನು? ನೀ ಹೂಂ ಅಂದ್ರ ನಾಳೆನ ಹೋಗಿ ಫೀ ಕಟ್ತೇನಿ."

ನಾನು ಹೂಂ ಅನ್ನಲಿಲ್ಲ. ಯಾಕೆಂದರೆ ಇದೇ ತಂಗಿಯ ಅಣ್ಣನ ಕಥೆ ನನಗೆ ಗೊತ್ತಿತ್ತು, ಕಾಕಾಗೂ ಗೊತ್ತಿತ್ತು. ಆದರೆ ಆ ಕಥೆಯಲ್ಲಿ ತಪ್ಪಿದ್ದು ಎಲ್ಲಿ ಅಂತ ಮನೆಯಲ್ಲಿ ಯಾರೂ ಕೂತು ಲೆಕ್ಕ ಹಾಕಿರಲಿಲ್ಲ.

ನಾವೆಲ್ಲ ಸೀಟು ಸಿಕ್ಕ ಮೇಲೆ ಕ್ಯಾಂಪಸ್ಸಿಗೆ ಬಂದುಬಿಟ್ಟಿದ್ದೇವೆ. ಸಿಇಟಿ ಅಂದರೆ ಮುಗಿದ ವಿಷಯ. ಆದರೆ ರಜೆಗೆ ಹೋದಾಗ ಊರಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ನಮ್ಮ ಹುಡುಗಗ ಏನು ಮಾಡಿಸೋಣ?" ಆಗ ನಾವು ಸಾಮಾನ್ಯವಾಗಿ ಹೇಳೋದು ಕೋಚಿಂಗ್ ಸೆಂಟರಿನ ಹೆಸರು ಅಥವಾ ಒಂದು ಪುಸ್ತಕದ ಹೆಸರು. ನಿಜವಾಗಿ ಹೇಳಬೇಕಾದ್ದು ಬೇರೆ ಇದೆ. ಸೀಟಿನ ತಯಾರಿ ಸೆಕೆಂಡ್ ಪಿಯುದಲ್ಲಿ ಶುರುವಾಗೋದಿಲ್ಲ. ಅರ್ಜಿಯಲ್ಲಿ ತುಂಬುವ ಅರ್ಧ ಕಾಲಮ್ಮುಗಳಿಗೆ ಉತ್ತರ ಹೈಸ್ಕೂಲ್ ಮುಗಿಯುವ ಹೊತ್ತಿಗೇ ಬರೆದಾಗಿರುತ್ತದೆ.

ಮನೆ ಎಲ್ಲಿ ಅಂತಲ್ಲ, ಶಾಲೆ ಎಲ್ಲಿ

ಅಣ್ಣ ಒಂದರಿಂದ ಏಳರವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ. ಜಾಣ. ಅದಕ್ಕೇ ಎಂಟಕ್ಕೆ ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರು. ಮೂರು ವರ್ಷ ಬಸ್ಸಿನಲ್ಲಿ ಓಡಾಡಿದ. ಸಿಇಟಿ ಅರ್ಜಿ ತುಂಬುವ ದಿನ ಸೈಬರ್ ಸೆಂಟರಿನಲ್ಲಿ "ಗ್ರಾಮೀಣ ಮೀಸಲಾತಿ ಬೇಕಾ?" ಎಂಬ ಕಾಲಮ್ ಬಂತು. ಮನೆ ಹಳ್ಳಿಯಲ್ಲಿದೆ, ರೇಷನ್ ಕಾರ್ಡ್ ಹಳ್ಳಿಯದು, ಹೊಲ ಹಳ್ಳಿಯಲ್ಲಿದೆ. ಹೌದು ಅಂತ ಟಿಕ್ ಮಾಡಿದರು. ದಾಖಲೆ ಪರಿಶೀಲನೆಯಲ್ಲಿ ಅದು ನಿಲ್ಲಲಿಲ್ಲ.

ನಿಯಮ ಏನೆಂದರೆ, ಗ್ರಾಮೀಣ ಕೋಟಾಕ್ಕೆ 1ನೇ ತರಗತಿಯಿಂದ 10ನೇ ತರಗತಿಯವರೆಗೆ ಪೂರ್ತಿ 10 ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮ ಕೋಟಾಕ್ಕೂ ಹಾಗೇ, 1ರಿಂದ 10 ಪೂರ್ತಿ ಕನ್ನಡ ಮಾಧ್ಯಮದಲ್ಲೇ ಆಗಿರಬೇಕು. ಅಣ್ಣನಿಗೆ ಎರಡೂ ಏಳೇಳು ವರ್ಷ ಇದ್ದವು. ಇಲ್ಲಿ ಏಳಕ್ಕೆ ಎಪ್ಪತ್ತು ಪರ್ಸೆಂಟ್ ಕೊಡೋದಿಲ್ಲ. ಹತ್ತು ಇದ್ದರೆ ಉಂಟು, ಒಂಬತ್ತಿದ್ದರೂ ಸೊನ್ನೆ.

ಇನ್ನು ಗ್ರಾಮೀಣ ಅಂದರೆ ಯಾವುದು? ನಮ್ಮ ಭಾಗದಲ್ಲೇ ನೋಡೋಣ. ಗದಗ-ಬೆಟಗೇರಿ ನಗರಸಭೆ. ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ. ಶಿರಹಟ್ಟಿ ಪಟ್ಟಣ ಪಂಚಾಯತಿ. ಇವು ಯಾವುವೂ ಗ್ರಾಮೀಣ ಅಲ್ಲ. ಶಿರಹಟ್ಟಿ ನೋಡಿದರೆ ದೊಡ್ಡ ಹಳ್ಳಿ ಅನ್ನಿಸಬಹುದು, ಮುಳಗುಂದವೂ ಹಾಗೇ ಅನ್ನಿಸಬಹುದು. ನಮಗೆ ಅನ್ನಿಸೋದು ಲೆಕ್ಕಕ್ಕಿಲ್ಲ. ಊರಿನ ಕಚೇರಿಯ ಬೋರ್ಡ್ ಮೇಲೆ ಗ್ರಾಮ ಪಂಚಾಯತಿ ಅಂತ ಇದೆಯೋ, ಪಟ್ಟಣ ಪಂಚಾಯತಿ ಅಂತ ಇದೆಯೋ ಅದೇ ಲೆಕ್ಕ. ಡಂಬಳದ ಗ್ರಾಮ ಪಂಚಾಯತಿ ಶಾಲೆಯಲ್ಲಿ ಹತ್ತೂ ವರ್ಷ ಓದಿದವನಿಗೆ ಕೋಟಾ ಸಿಗುತ್ತದೆ. ಡಂಬಳದಲ್ಲೇ ಮನೆಯಿದ್ದು, ಹೈಸ್ಕೂಲಿಗೆ ಮುಂಡರಗಿ ಪೇಟೆಗೆ ಬಸ್ ಹತ್ತಿದವನಿಗೆ ಸಿಗೋದಿಲ್ಲ.

ಇನ್ನೊಂದು ಗೊಂದಲ ಮುಂಡರಗಿ ಕಡೆಯವರಿಗೆ ಇರುತ್ತದೆ. ತುಂಗಭದ್ರಾ ಹೊಳೆ ದಾಟಿದರೆ ಹೂವಿನಹಡಗಲಿ, ವಿಜಯನಗರ ಜಿಲ್ಲೆ. ಪೂರ್ವಕ್ಕೆ ಹೋದರೆ ಕೊಪ್ಪಳ. ಅಲ್ಲಿಯವರಿಗೆ ಸಂವಿಧಾನದ 371ಜೆ ಕಲಮಿನ ಕೆಳಗೆ ಬೇರೆಯೇ ಮೀಸಲಾತಿ ಇದೆ. ಗದಗ ಜಿಲ್ಲೆ ಆ ಪಟ್ಟಿಯಲ್ಲಿ ಇಲ್ಲ. "ಹೊಳಿ ಆಚೆ ನಮ್ಮ ಬೀಗರಿಗೆ ಸಿಕ್ಕೈತಿ, ನಮಗೂ ಸಿಗತೈತಿ" ಅಂತ ಕೂತರೆ ಆಗೋದಿಲ್ಲ.

ಕಟ್‌ಆಫ್ ಪಟ್ಟಿ ಓದುವ ಪಾಠ

ಕೋಟಾದಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಪಟ್ಟಿ ತೆಗೆದು ತೋರಿಸೋದು ಒಳ್ಳೆಯದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ಹಂಚಿಕೆ ಆದಮೇಲೆ ಕಾಲೇಜುವಾರು, ಬ್ರಾಂಚುವಾರು ಕೊನೆಯ ರ್‍ಯಾಂಕ್ ಹಾಕುತ್ತದೆ. ಪಟ್ಟಿಯ ಮೇಲ್ಗಡೆ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ ಅಂತ ಕಾಲಮ್ಮುಗಳು ಇರುತ್ತವೆ. ಮೊದಲ ಭಾಗ ವರ್ಗ. ಕೊನೆಯ ಅಕ್ಷರ ಆರ್ ಇದ್ದರೆ ರೂರಲ್, ಕೆ ಇದ್ದರೆ ಕನ್ನಡ ಮಾಧ್ಯಮ. ಜಿ ಇದ್ದರೆ, ಅಥವಾ ಬರೀ ಜಿಎಂ ಅಂತಿದ್ದರೆ, ಎರಡೂ ಇಲ್ಲ ಅಂತ ಅರ್ಥ.

ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಇದನ್ನು ಪ್ರತಿಯೊಂದು ವರ್ಗದ ಒಳಗೇ ಅಡ್ಡಡ್ಡವಾಗಿ ಕತ್ತರಿಸಿ ತೆಗೆಯುತ್ತಾರೆ. ಒಂದು ವರ್ಗಕ್ಕೆ 20 ಸೀಟು ಬಂದಿದ್ದರೆ, ಅದರಲ್ಲೇ 3 ಗ್ರಾಮೀಣಕ್ಕೆ, 1 ಕನ್ನಡ ಮಾಧ್ಯಮಕ್ಕೆ. ಹಾಗಾಗಿ ಇದು ಸಾಮಾನ್ಯ ವರ್ಗದವರಿಗೂ ಸಂಬಂಧಪಟ್ಟಿದ್ದು, ಉಳಿದ ಎಲ್ಲ ವರ್ಗದವರಿಗೂ ಸಂಬಂಧಪಟ್ಟಿದ್ದು.

ಅವತ್ತು ನಾನು ಅಣ್ಣನ ವರ್ಷದ ಪಟ್ಟಿ ತೆಗೆದೆ. ಅವನಿಗೆ ಬೇಕಾಗಿದ್ದ ಕಾಲೇಜು, ಬೇಕಾಗಿದ್ದ ಬ್ರಾಂಚು. ಅವನ ವರ್ಗದ ಜಿ ಕಾಲಮ್ ಅವನ ರ್‍ಯಾಂಕಿಗಿಂತ ಮೊದಲೇ ಮುಗಿದಿತ್ತು. ಪಕ್ಕದ ಆರ್ ಕಾಲಮ್ ಅವನ ರ್‍ಯಾಂಕ್ ದಾಟಿ ಮುಂದೆ ಹೋಗಿತ್ತು. ಕಾಕಾ ಮೊಬೈಲ್ ಇಸಿದುಕೊಂಡು ಎರಡು ಸಲ ನೋಡಿದರು. "ಅಂದ್ರ ಊರಾಗ ಇದ್ದಿದ್ರ ಸಿಗತಿತ್ತೇನು?" ಅಂದರು. ನಾನು ಸುಮ್ಮನಿದ್ದೆ. ಅಣ್ಣ ಈಗ ಬೇರೆ ಬ್ರಾಂಚಿನಲ್ಲಿ ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ. ಆದರೂ ಆ ಮಾತಿಗೆ ಹಬ್ಬದ ದಿನ ಹೂಂ ಅನ್ನಲು ಬಾಯಿ ಬರಲಿಲ್ಲ.

ಹಾಗಾದರೆ ಹಳ್ಳಿ ಶಾಲೆಯಲ್ಲೇ ಇರಬೇಕಾ?

ಇಲ್ಲಿ ನಾನು ಪ್ರಾಮಾಣಿಕವಾಗಿ ಮಾತಾಡಬೇಕು. ನಾನು ಎಲ್‌ಕೆಜಿಯಿಂದಲೂ ಪೇಟೆಯ ಇಂಗ್ಲಿಷ್ ಮೀಡಿಯಂ. ನನಗೆ ಆರ್ ಇಲ್ಲ, ಕೆ ಇಲ್ಲ. ಆದರೆ ಫಸ್ಟ್ ಪಿಯುಗೆ ಗದಗಕ್ಕೆ ಹೋದಾಗ ಫಿಸಿಕ್ಸ್ ಲೆಕ್ಚರರ್ "ಮೊಮೆಂಟಮ್" ಅಂದರೆ ನಾನು ಬೋರ್ಡ್ ನೋಡುತ್ತಿದ್ದೆ. ಪಕ್ಕದ ಗೆಳತಿ ನನ್ನ ಮುಖ ನೋಡುತ್ತಿದ್ದಳು. ಅವಳು ಕನ್ನಡ ಮೀಡಿಯಂ. ಸಂವೇಗ ಅಂದಿದ್ದರೆ ನನಗಿಂತ ಮೊದಲು ಕೈ ಎತ್ತುತ್ತಿದ್ದಳು. ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದ ಅಂಕ ನೋಡಿ ಅವಳು ಅತ್ತಿದ್ದು ಇನ್ನೂ ನೆನಪಿದೆ. ಗೊತ್ತಿಲ್ಲದೆ ಹೋದ ಅಂಕ ಅಲ್ಲ ಅವು, ಗೊತ್ತಿದ್ದೂ ಹೋದ ಅಂಕ.

ಅದಕ್ಕೇ ಕಾಕಾ ಪೇಟೆ ಶಾಲೆ ಅಂತ ಯೋಚಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಅವರ ಹೆದರಿಕೆ ನಿಜ. ಆದರೆ ಆ ಹೆದರಿಕೆಗೆ ಶಾಲೆ ಬದಲಾಯಿಸದೇ ಮದ್ದು ಇದೆ. ಕರ್ನಾಟಕ ಸರ್ಕಾರದ ವಿಜ್ಞಾನ, ಗಣಿತ ಪಠ್ಯಪುಸ್ತಕ ಎರಡೂ ಮಾಧ್ಯಮದಲ್ಲಿ ಒಂದೇ ಪಾಠ, ಒಂದೇ ಚಿತ್ರ, ಒಂದೇ ಲೆಕ್ಕ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಕನ್ನಡ ಪುಸ್ತಕ ಓದಿ ಪಾಠ ಅರ್ಥ ಮಾಡಿಕೊಂಡು, ಅದೇ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ತೆರೆದು, ಶಬ್ದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳಬೇಕು. ವೇಗೋತ್ಕರ್ಷ – ಆಕ್ಸಿಲರೇಷನ್. ಘರ್ಷಣೆ – ಫ್ರಿಕ್ಷನ್. ವಕ್ರೀಭವನ – ರಿಫ್ರ್ಯಾಕ್ಷನ್. ರೋಧ – ರೆಸಿಸ್ಟೆನ್ಸ್. ವರ್ಗಸಮೀಕರಣ – ಕ್ವಾಡ್ರಾಟಿಕ್ ಈಕ್ವೇಷನ್. ದಿನಕ್ಕೆ ಐದು ಶಬ್ದ ಸಾಕು. 8, 9, 10 ಮೂರು ವರ್ಷ ಇದನ್ನು ಮಾಡಿದವರಿಗೆ ಫಸ್ಟ್ ಪಿಯು ಕ್ಲಾಸ್ ಬೇರೆ ದೇಶ ಅನ್ನಿಸೋದಿಲ್ಲ.

ಒಂದು ಷರತ್ತು. ಊರಿನ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನಕ್ಕೆ ಶಿಕ್ಷಕರು ಇದ್ದಾರಾ ಅಂತ ಮೊದಲು ನೋಡಬೇಕು. ಶಿಕ್ಷಕರೇ ಇಲ್ಲದ ಕಡೆ ಬರೀ ಕೋಟಾಕ್ಕಾಗಿ ಮಗುವನ್ನು ಕೂರಿಸಬಾರದು. ರ್‍ಯಾಂಕೇ ಬರದಿದ್ದರೆ ಆರ್ ಕಾಲಮ್ ಇಟ್ಟುಕೊಂಡು ಏನು ಮಾಡೋದು?

ಎಂಟನೇ ತರಗತಿ: ಹೆಸರು ಮತ್ತು ಒಂದು ಪರೀಕ್ಷೆ

ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ. ಒಂದು ಬೋರ್ಡಿನಲ್ಲಿ ಎಕ್ಸ್ ಹಾಕಿ, ಇನ್ನೊಂದರಲ್ಲಿ ಕೆಎಸ್‌ಎಚ್ ಹಾಕಿ. ಊರಿಗೆ ಏನೂ ಆಗೋದಿಲ್ಲ. ಲಕ್ಷ್ಮಿ ಅಂತ ಹೆಸರಿರುವ ಹುಡುಗಿಗೆ ಆಗುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಸ್ಪೆಲ್ಲಿಂಗ್, ಆಧಾರದಲ್ಲಿ ಇನ್ನೊಂದು. ಅಪ್ಪನ ಹೆಸರು ಒಂದು ಕಡೆ ಅಡ್ಡಹೆಸರು ಸೇರಿಸಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಏನು ಅಚ್ಚಾಗುತ್ತದೋ ಅದೇ ಮುಂದೆ ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ದಾಖಲೆ. ಅಚ್ಚಾಗುವ ಮೊದಲು ತಿದ್ದಿಸೋದು ಹೆಡ್‌ಮಾಸ್ಟರ್ ಹತ್ತಿರ ಮುಗಿಯುವ ಕೆಲಸ. ಅಚ್ಚಾದಮೇಲೆ ಅರ್ಜಿ, ಅಫಿಡವಿಟ್ಟು, ಓಡಾಟ. ಹಾಗಾಗಿ ಎಂಟನೇ ಕ್ಲಾಸಿನಲ್ಲೇ ಶಾಲಾ ದಾಖಲೆ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಪ್ರತಿ ವಿದ್ಯಾರ್ಥಿಗೂ ಒಂದು ಸ್ಯಾಟ್ಸ್ ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅದರಲ್ಲಿ ಮಾಧ್ಯಮ, ಶಾಲೆ, ವರ್ಷ ಸರಿಯಾಗಿ ನಮೂದಾಗಿದೆಯಾ ಅಂತ ಶಾಲೆಯಲ್ಲಿ ಕೇಳಿ.

ಇದೇ ವರ್ಷ ಎನ್‌ಎಂಎಂಎಸ್ ಪರೀಕ್ಷೆ ಬರುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ 9ರಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಪೇಟೆಯ ಖಾಸಗಿ ಶಾಲೆಗೆ ಹೋದರೆ ಇದೂ ಹೋಯಿತು, ಫೀಯೂ ಹೋಯಿತು.

ಒಂಬತ್ತು ಮತ್ತು ಹತ್ತು: ಕಾಗದದ ಫೈಲು

ಒಂಬತ್ತರಲ್ಲಿ ನಾಡಕಚೇರಿ ಕೆಲಸ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಆ ಸಂಖ್ಯೆ ಹಾಕಿದರೆ ವಿವರ ತಾನೇ ಪರಿಶೀಲನೆ ಆಗುತ್ತದೆ. ಆದಾಯ ಪತ್ರಕ್ಕೆ ಅವಧಿ ಇರುವುದರಿಂದ ದಿನಾಂಕ ನೋಡಿಕೊಂಡಿರಬೇಕು. ಜಾತಿ ಪತ್ರದಲ್ಲಿ ಇರುವ ಹೆಸರೂ ಶಾಲೆಯಲ್ಲಿ ಇರುವ ಹೆಸರೂ ಒಂದೇ ಇರಬೇಕು.

ಹತ್ತು ಮುಗಿದು ಟಿಸಿ ತೆಗೆದುಕೊಳ್ಳುವ ದಿನವೇ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ ಮಾಡಿಸುವ ಮಾತೆತ್ತಬೇಕು. ಒಂದಕ್ಕಿಂತ ಹೆಚ್ಚು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯದೂ ಬೇಕು, ಮೇಲೆ ಬಿಇಒ ಸಹಿ ಬೇಕು. ಸಿಇಟಿ ಸಮಯದಲ್ಲಿ ಬಿಇಒ ಆಫೀಸಿನ ಮುಂದೆ ಎಂಥ ಸಾಲು ಇರುತ್ತದೆ ಅಂತ ನಿಂತವರಿಗೇ ಗೊತ್ತು. ಆಗ ನಮೂನೆ ಹೊಸದು ಬೇಕಾದರೂ ಹಳೆಯ ಪ್ರತಿ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಸೆಕೆಂಡ್ ಪಿಯು ಇಲ್ಲೇ ಪಾಸಾಗಿದ್ದೇವೆ ಅಂತ ತೋರಿಸಲಿಕ್ಕೂ ಇದೇ ವ್ಯಾಸಂಗ ಪ್ರಮಾಣಪತ್ರ. ದುಡಿಯಲು ಗೋವಾ, ಪುಣೆ ಕಡೆ ಹೋಗಿ ಬಂದ ಮನೆಯವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಆದಾಯ ಪತ್ರಕ್ಕೆ ಇನ್ನೊಂದು ಉಪಯೋಗ ಇದೆ. ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ. ಕಾಲೇಜಿನ ಮಂಜೂರಾದ ಸೀಟಿನ ಮೇಲೆ ಶೇ. 5 ಹೆಚ್ಚುವರಿ ಸೀಟು, ಟ್ಯೂಷನ್ ಫೀ ಇಲ್ಲ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು. ಒಳ್ಳೆಯ ರ್‍ಯಾಂಕ್ ಬಂದ ಎಷ್ಟೋ ಜನಕ್ಕೆ ಇದು ಇದೆ ಅಂತಲೇ ಗೊತ್ತಿರೋದಿಲ್ಲ.

ಹತ್ತಾದ ಮೇಲೆ ಪಿಯು ಒಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬರಬಹುದು. ನಮ್ಮ ಕ್ಲಾಸಿನಲ್ಲೇ ಹಾಗೆ ಬಂದವರು ಲ್ಯಾಬಿನಲ್ಲಿ ನಮಗೆ ವೈರಿಂಗ್ ಹೇಳಿಕೊಡುತ್ತಾರೆ. ಬೇಗ ಕೆಲಸಕ್ಕೆ ಸೇರಬೇಕಾದ ಮನೆಯ ಮಕ್ಕಳಿಗೆ ಇದು ಗಟ್ಟಿ ದಾರಿ.

ಅಂಕದ ಲೆಕ್ಕ ಒಂದೇ ನಿಮಿಷದಲ್ಲಿ

ಇಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಪಿಯು, ಅರ್ಧ ಸಿಇಟಿ. ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಶೇ. 90 ಬಂದರೆ ಅದರಿಂದ 45. ಸಿಇಟಿ ಒಟ್ಟು 180ಕ್ಕೆ 90 ಬಂದರೆ ಶೇ. 50, ಅದರಿಂದ 25. ಒಟ್ಟು 70. ಈಗ ಸಿಇಟಿಯಲ್ಲಿ ಇನ್ನೂ 18 ಪ್ರಶ್ನೆ ಸರಿ ಮಾಡಿದರೆ ಶೇ. 60, ಅಂದರೆ 30, ಒಟ್ಟು 75. ಅದೇ ಐದನ್ನು ಪಿಯು ಕಡೆಯಿಂದ ತರಬೇಕೆಂದರೆ ಶೇ. 90 ಇದ್ದದ್ದು ಶೇ. 100 ಆಗಬೇಕು! ಪಿಯು ಬಿಡಿ ಅಂತ ಅಲ್ಲ. ಮೇಲಕ್ಕೆ ಹೋದಂತೆ ಪಿಯು ಅಂಕ ಹೆಚ್ಚಿಸೋದು ಕಷ್ಟ, ಸಿಇಟಿಯಲ್ಲಿ ಜಾಗ ಇನ್ನೂ ಇರುತ್ತದೆ ಅಂತ ಅಷ್ಟೇ.

ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಒಂದೂ ಪ್ರಶ್ನೆ ಖಾಲಿ ಬಿಡಬಾರದು. 60 ಪ್ರಶ್ನೆಗೆ 80 ನಿಮಿಷ. ಮತ್ತೆ ಪ್ರಶ್ನೆಗಳು ಫಸ್ಟ್ ಪಿಯು ಪಾಠದಿಂದಲೂ ಬರುತ್ತವೆ. ಫಸ್ಟ್ ಪಿಯು ಅಂಕ ರ್‍ಯಾಂಕಿಗೆ ಸೇರೋದಿಲ್ಲ ಅಂತ ಆ ವರ್ಷ ಆರಾಮ್ ಮಾಡಿದವರು (ನಾನೂ ಅವರಲ್ಲಿ ಒಬ್ಬಳು) ಏಪ್ರಿಲ್‌ನಲ್ಲಿ ಕಣ್ಣೀರು ಹಾಕುತ್ತಾರೆ. ಇದರ ಬೇರು ಇನ್ನೂ ಕೆಳಗಿದೆ: ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ, ವರ್ಗಸಮೀಕರಣ, ಇವು ಹತ್ತನೇ ಕ್ಲಾಸಿನ ಪಾಠಗಳು. ಅಲ್ಲಿ ಬಾಯಿಪಾಠ ಮಾಡಿದವರು ಪಿಯುದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಆಪ್ಷನ್ ಎಂಟ್ರಿ ಬಗ್ಗೆ ಒಂದೇ ಮಾತು. ಸಿಗಬಹುದಾದ್ದನ್ನು ಮೇಲೆ ಬರೆಯಬೇಡಿ, ಬೇಕಾದ್ದನ್ನು ಮೇಲೆ ಬರೆಯಿರಿ. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಅದಕ್ಕಿಂತ ಕೆಳಗಿದ್ದದ್ದು ಆಮೇಲೆ ಬೇಕೆಂದರೂ ಬರೋದಿಲ್ಲ.

ಮತ್ತೆ ಕಾಕಾನ ಪ್ರಶ್ನೆಗೆ

ಅವತ್ತು ಇಷ್ಟೂ ಒಂದು ಹಾಳೆಯ ಮೇಲೆ ಬರೆದೆ. ಎಡಗಡೆ ಪೇಟೆ ಶಾಲೆ, ಬಲಗಡೆ ಊರಿನ ಹೈಸ್ಕೂಲು. ಕಾಕಾ ಓದಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಆಗ ಅಮ್ಮ ಅಂದಳು, "ಎಲ್ಲಾರೂ ಮಾತಾಡಿದ್ರಿ, ಆಕೀನ್ನ ಯಾರೂ ಕೇಳಲಿಲ್ಲಲ್ಲ?"

ತಂಗಿ ಬಾಗಿಲ ಹತ್ತಿರವೇ ಕೂತಿದ್ದಳು. "ನಂಗ ಊರ ಸಾಲೀನ ಇರ್ಲಿ, ಅಕ್ಕಾ. ಗಣಿತದ ಸರ್ ಛಲೋ ಹೇಳ್ತಾರ. ಆದ್ರ ಇಂಗ್ಲಿಷ್ ಬರಲಿಲ್ಲಂದ್ರ ಅಣ್ಣನ ಹಂಗ ಯಾರೂ ನಂಗ ನಗಬಾರದು," ಅಂದಳು.

ಅಣ್ಣನಿಗೆ ಎಂಟನೇ ಕ್ಲಾಸಿನಲ್ಲಿ ಯಾರೋ ನಕ್ಕಿದ್ದರು ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾಕಾಗೂ ಗೊತ್ತಿರಲಿಲ್ಲ. ಅವಳಿಗೆ ಮಾತ್ರ ಹೇಳಿದ್ದನಂತೆ.

ಜೂನ್‌ನಲ್ಲಿ ಅವಳು ಊರಿನ ಹೈಸ್ಕೂಲಿಗೇ ಸೇರಿದಳು. ಶನಿವಾರ ರಾತ್ರಿ ಫೋನ್ ಮಾಡುತ್ತಾಳೆ, ವಾರದ ಶಬ್ದಗಳನ್ನು ಓದುತ್ತಾಳೆ. ಕನ್ನಡ ಅವಳು ಹೇಳೋದು, ಇಂಗ್ಲಿಷ್ ನಾನು ಹೇಳೋದು. ತಮಾಷೆ ಏನೆಂದರೆ ಕಲಿಯುತ್ತಿರೋದು ಇಬ್ಬರೂ. ಹಳೆಯ ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ನಾಡಿನ ನಾಲ್ಕು ಊರುಗಳಲ್ಲಿ ಅದೂ ಒಂದು. ಅಲ್ಲೇ ಹುಟ್ಟಿ ಬೆಳೆದ ನನಗೆ ರಿಫ್ರ್ಯಾಕ್ಷನ್‌ಗೆ ವಕ್ರೀಭವನ ಅಂತಾರೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಎಂಟನೇ ಕ್ಲಾಸಿನ ಹುಡುಗಿಯಿಂದ.

ನಮ್ಮ ಕನ್ನಡ ಬಳಗದವರಿಗೆ ಒಂದು ಕೋರಿಕೆ. ನಮ್ಮಲ್ಲಿ ಕನ್ನಡ ಮೀಡಿಯಂನಿಂದ ಬಂದವರು ಇದ್ದಾರೆ, ನನ್ನಂಥ ಇಂಗ್ಲಿಷ್ ಮೀಡಿಯಂನವರೂ ಇದ್ದಾರೆ. ಇಬ್ಬಿಬ್ಬರು ಜೋಡಿಯಾಗಿ ಕೂತರೆ 8, 9, 10ನೇ ತರಗತಿಯ ವಿಜ್ಞಾನ-ಗಣಿತದ ಶಬ್ದಪಟ್ಟಿ ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತದೆ. ಪ್ರಿಂಟ್ ತೆಗೆದು ದಸರಾ ರಜೆಗೆ ಹೋಗುವಾಗ ಒಬ್ಬೊಬ್ಬರು ತಮ್ಮ ಊರಿನ ಶಾಲೆಗೆ ಒಂದೊಂದು ಪ್ರತಿ ಕೊಟ್ಟು ಬರೋಣ. ಜೊತೆಗೆ ಈ ಲೇಖನವನ್ನೂ ತೋರಿಸಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಹಾಗಾಗಿ ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕ ಓದಲು ಹೇಳೋದು ಮರೆಯಬೇಡಿ.

ಮತ್ತೆ, ಹಾಳೆಯ ಎಡಗಡೆ ಬಲಗಡೆ ಎರಡೂ ಬರೆದಾದ ಮೇಲೆ, ಬಾಗಿಲ ಹತ್ತಿರ ಕೂತವಳನ್ನೂ ಒಂದು ಮಾತು ಕೇಳಿ.